ಡ್ರಾ ಆದರೆ ಹೊಟ್ಟೆನೋವೇಕೆ?

ಪರೀಕ್ಷೆಯ ದಿನಗಳಲ್ಲಿ ಮಕ್ಕಳಿಗೆ ಬರುವ ಹೊಟ್ಟೆನೋವು ಪಾಲಕರಿಗೆಲ್ಲ ಗೊತ್ತು. ಚೆಸ್ ಪಂದ್ಯಾವಳಿಯ ದಿನಗಳಲ್ಲೂ ಅದು ಬರುತ್ತದೆ.

ಕೊಡಿಯಾಲ್‌ಬೈಲಿನ ನನ್ನ ಕ್ಲಿನಿಕ್ಕಿಗೆ ತಾಯಿಯೊಬ್ಬರು ಹತ್ತು ವರ್ಷದ ಮಗಳನ್ನು ಕರೆತಂದಿದ್ದರು. ಆಟಕ್ಕೆ ಹೊರಡುವಾಗಲೆಲ್ಲ ಹೊಟ್ಟೆನೋವು, ವಾಕರಿಕೆ. "ನಿನ್ನೆ ಗೆಲ್ಲಬೇಕಾದ ಆಟ ಡ್ರಾ ಮಾಡಿಕೊಂಡಳು ಡಾಕ್ಟ್ರೇ, ರಾತ್ರಿ ಊಟವನ್ನೂ ಮಾಡಲಿಲ್ಲ" ಎಂದರು ತಾಯಿ. ಹುಡುಗಿ ಮೆಲ್ಲಗೆ, "ನನಗೆ ಒಂದು ಕುದುರೆ ಕಡಿಮೆ ಇತ್ತು, ಆದರೂ ಸೋಲಲಿಲ್ಲ" ಎಂದಳು. ತಾಯಿಗೆ ಅದು ಗೊತ್ತೇ ಇರಲಿಲ್ಲ. ಅವರು ಕೇಳಿದ್ದು ಫಲಿತಾಂಶವನ್ನು ಮಾತ್ರ.

ಪರೀಕ್ಷಿಸಿದಾಗ ಹೊಟ್ಟೆಯಲ್ಲಿ ದೋಷವೇನೂ ಕಾಣಲಿಲ್ಲ. ಹಾಗೆಂದು ನೋವು ಸುಳ್ಳಲ್ಲ. ಹೆದರಿದಾಗ ಅಡ್ರಿನಲಿನ್‌ನಂತಹ ಹಾರ್ಮೋನುಗಳು ರಕ್ತಕ್ಕೆ ಸೇರುತ್ತವೆ. ಎದೆಬಡಿತ ಏರುತ್ತದೆ, ಜಠರದ ಕೆಲಸ ನಿಧಾನವಾಗುತ್ತದೆ, ಹೊಟ್ಟೆ ಹಿಂಡಿದಂತಾಗುತ್ತದೆ. ಈ ಹೆದರಿಕೆ ಬೆಳೆದರೆ ಮಗು ಆಟವನ್ನೇ ಬಿಟ್ಟುಬಿಡುತ್ತದೆ.

ಡ್ರಾ ಎಂದರೆ ಸೋಲೆಂದು ಮಕ್ಕಳಿಗೆ ಕಲಿಸುವವರು ನಾವೇ. ಬೆಂಗಳೂರಿನ ಚಾರ್ವಿ ಅನಿಲ್‌ಕುಮಾರ್ 2022ರಲ್ಲಿ ಜಾರ್ಜಿಯಾದ ಬಟುಮಿಯಲ್ಲಿ ಎಂಟು ವರ್ಷದೊಳಗಿನ ಬಾಲಕಿಯರ ವಿಶ್ವ ಪ್ರಶಸ್ತಿ ಗೆದ್ದಾಗ 11 ಸುತ್ತುಗಳಿಂದ ಗಳಿಸಿದ್ದು ಒಂಬತ್ತೂವರೆ ಅಂಕ. ಆ ಅರ್ಧ ಅಂಕ ಡ್ರಾದಿಂದಲ್ಲದೆ ಬರುವಂತಿಲ್ಲ. 2024ರಲ್ಲಿ ಗಾಂಧಿನಗರದಲ್ಲಿ ಇಪ್ಪತ್ತು ವರ್ಷದೊಳಗಿನ ಬಾಲಕಿಯರ ವಿಶ್ವ ಪ್ರಶಸ್ತಿ ಗೆದ್ದ ನಾಗಪುರದ ದಿವ್ಯಾ ದೇಶಮುಖ್ ಕೂಡ 11ರಲ್ಲಿ ಎರಡು ಆಟಗಳನ್ನು ಡ್ರಾ ಮಾಡಿಕೊಂಡಿದ್ದರು. ಮರುವರ್ಷ ಮಹಿಳಾ ವಿಶ್ವಕಪ್ ಫೈನಲಿನಲ್ಲಿ ಕೊನೇರು ಹಂಪಿ ವಿರುದ್ಧ ಅವರು ಆಡಿದ ನಾಲ್ಕು ಆಟಗಳಲ್ಲಿ ಮೂರು ಡ್ರಾ. ನಾಲ್ಕನೆಯದನ್ನು ಗೆದ್ದು ಕಪ್ ಪಡೆದರು.

ಪಾಲಕರೇ, ಆಟ ಮುಗಿಸಿ ಬಂದ ಮಗುವಿಗೆ ಮೊದಲು ನೀರು, ತಿಂಡಿ ಕೊಡಿ. ಅಂಕದ ಮಾತು ಮಗುವೇ ತೆಗೆಯಲಿ. ತಪ್ಪುಗಳ ವಿಚಾರಣೆ ತರಬೇತುದಾರರಿಗಿರಲಿ, ಅದೂ ಮರುದಿನ. ಪಂದ್ಯದ ಹಿಂದಿನ ರಾತ್ರಿ ಈ ವಯಸ್ಸಿನವರಿಗೆ ಕನಿಷ್ಠ ಒಂಬತ್ತು ಗಂಟೆ ನಿದ್ದೆ ಬೇಕು. ಬೆಳಗ್ಗೆ ಇಡ್ಲಿಯೋ ಗಂಜಿಯೋ ಸಾಕು. ಕರಿದ ತಿಂಡಿ ಬೇಡ. ಸುತ್ತುಗಳ ನಡುವೆ ಒಂದು ಬಾಳೆಹಣ್ಣು, ಹತ್ತು ನಿಮಿಷ ನಡಿಗೆ.

ಒಂದು ಎಚ್ಚರಿಕೆ: ನೋವು ನಿದ್ದೆಯಿಂದ ಎಬ್ಬಿಸುವಂತಿದ್ದರೆ, ಹೊಟ್ಟೆಯ ಬಲಭಾಗದ ಕೆಳಗೆ ಹೆಚ್ಚಾಗಿದ್ದರೆ, ಜ್ವರ, ಪದೇ ಪದೇ ವಾಂತಿ, ಮಲದಲ್ಲಿ ರಕ್ತ ಅಥವಾ ತೂಕ ಇಳಿಕೆ ಇದ್ದರೆ ಆಟದ ಭಯವೆಂದು ಕೂರಬೇಡಿ, ತಕ್ಷಣ ವೈದ್ಯರಿಗೆ ತೋರಿಸಿ.

ಆ ಹುಡುಗಿಗೆ ನಾನು ಔಷಧ ಬರೆಯಲಿಲ್ಲ. ಕುದುರೆಯಿಲ್ಲದೆ ಆಟ ಉಳಿಸಿಕೊಂಡದ್ದು ಹೇಗೆಂದು ಮಗಳಿಂದಲೇ ಕೇಳಿ ತಿಳಿದುಕೊಳ್ಳಿ ಎಂದು ತಾಯಿಗೆ ಹೇಳಿ ಕಳುಹಿಸಿದೆ.