ಬರದ ಪಟ್ಟಿಯೂ ಶಿಫಾರಸಿನ ಚೀಟಿಯೂ

ಬರ ನೆರೆಯಂತೆ ರಾತ್ರೋರಾತ್ರಿ ನುಗ್ಗುವುದಿಲ್ಲ. ಅದು ಬಂದಿದೆ ಎಂದು ಅಧಿಕಾರವುಳ್ಳವರು ಹೇಳಬೇಕು. ಹೇಳಿದ ಮೇಲೆಯೇ ಸರ್ಕಾರದ ಹಣ, ನೀರು, ಮೇವು ಹೊರಡುತ್ತವೆ. ಆ ಮಾತನ್ನು ಯಾರು, ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬಲ್ಲೇ ರಾಜಕೀಯ ಕೃಪೆಗೂ ಕಾರ್ಯದಕ್ಷತೆಗೂ ಮೊದಲ ಜಗ್ಗಾಟ. ಚಿಕ್ಕಮಗಳೂರು ಜಿಲ್ಲೆಯ ಕಡೂರು, ತರೀಕೆರೆ, ಅಜ್ಜಂಪುರದ ಬಯಲಿಗೆ ಈ ಜಗ್ಗಾಟ ಹೊಸದಲ್ಲ. 1876–78ರ ಕ್ಷಾಮದಲ್ಲಿ ಮೈಸೂರು ಸಂಸ್ಥಾನ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಾಗ ಈ ಜಿಲ್ಲೆಯ ಹೆಸರೇ ಕಡೂರು ಜಿಲ್ಲೆ. ಆ ಸಾವುನೋವಿನ ಬಳಿಕ ಬ್ರಿಟಿಷ್ ಆಡಳಿತ ರೂಪಿಸಿದ ಕ್ಷಾಮ ಸಂಹಿತೆಗಳು, ಪರಿಹಾರ ಕಾರ್ಯ ಯಾವಾಗ ಆರಂಭವಾಗಬೇಕೆಂಬುದನ್ನು ಅಧಿಕಾರಿಯ ಮರ್ಜಿಯಿಂದ ಬಿಡಿಸಿ ನಿಯಮಕ್ಕೆ ಕಟ್ಟಲು ನೋಡಿದವು.

ನಿಯಮ ಬಂದರೂ ಅಳತೆ ಬರಲು ನೂರು ವರ್ಷ ಹಿಡಿಯಿತು. ಬಾಬಾಬುಡನ್‌ಗಿರಿ ಶ್ರೇಣಿ ಮುಂಗಾರಿನ ಮೋಡವನ್ನು ಪಡುವಣದಲ್ಲೇ ತಡೆಯುತ್ತದೆ. ಶೃಂಗೇರಿ, ಕೊಪ್ಪಗಳಲ್ಲಿ ಜಡಿಮಳೆ ಹಿಡಿದ ದಿನಗಳಲ್ಲೇ ಕಡೂರಿನ ರಾಗಿ ಹೊಲ ಹದ ಮಳೆಗೆ ಕಾದಿರುತ್ತದೆ. ತರೀಕೆರೆಯ ಒಂದು ಮಗ್ಗುಲು ಅರೆಮಲೆನಾಡು, ಇನ್ನೊಂದು ಬಯಲು. ಇಂಥ ಜಿಲ್ಲೆಯಲ್ಲಿ ‘ಸರಾಸರಿ ಮಳೆ’ ಎಂಬ ಅಂಕಿ ಅಜ್ಜಂಪುರದ ಈರುಳ್ಳಿ ಬೆಳೆಗಾರನಿಗೆ ಏನನ್ನೂ ಹೇಳದು. ಆಣೆವಾರಿಯ ಕಾಲದಲ್ಲಿ ಬೆಳೆ ಎಷ್ಟಾಣೆ ಬಂತೆಂಬುದನ್ನು ಅಂದಾಜಿನಲ್ಲಿ ಬರೆಯುತ್ತಿದ್ದರು. ಅಂದಾಜು ಅಂದಮೇಲೆ ಬಾಗಿಸಬಹುದು. ಪ್ರಭಾವಿಗಳಿದ್ದ ತಾಲ್ಲೂಕು ಪಟ್ಟಿ ಸೇರುವುದಕ್ಕೂ ಇಲ್ಲದ್ದು ಹೊರಗುಳಿಯುವುದಕ್ಕೂ ಅಲ್ಲಿ ದಾರಿಯಿತ್ತು.

ಈ ದಾರಿಯನ್ನು ಕಿರಿದು ಮಾಡಿದ್ದು ಭಾಷಣವಲ್ಲ, ಮಳೆಮಾಪಕ. 1988ರಲ್ಲಿ ಕರ್ನಾಟಕ ಸ್ಥಾಪಿಸಿದ ಬರ ಉಸ್ತುವಾರಿ ಕೋಶ ದೇಶದಲ್ಲೇ ಮೊದಲನೆಯದು. 2007ರಲ್ಲಿ ಅದು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಯಿತು. ಗ್ರಾಮ ಪಂಚಾಯಿತಿ ಮಟ್ಟದವರೆಗೂ ಅದು ತಾನೇ ಲೆಕ್ಕ ಕಳಿಸುವ ಮಳೆಮಾಪಕಗಳನ್ನು ನೆಟ್ಟಿತು. ಕೇಂದ್ರ ಸರ್ಕಾರದ 2016ರ ಬರ ನಿರ್ವಹಣಾ ಕೈಪಿಡಿ ಮಳೆ ಕೊರತೆ ಮತ್ತು ಒಣಹವೆಯ ವಾರಗಳಿಂದ ಶುರುಮಾಡಿ ಬಿತ್ತನೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಜಲಾಶಯ ಹಾಗೂ ಅಂತರ್ಜಲಗಳನ್ನು ಪರೀಕ್ಷಿಸಿ, ಕೊನೆಗೆ ಹೊಲಕ್ಕೇ ಹೋಗಿ ನೋಡಬೇಕೆನ್ನುತ್ತದೆ. ಶಾಸಕನ ದನಿ ಎಷ್ಟೇ ದೊಡ್ಡದಿರಲಿ, ಮಾಪಕದಲ್ಲಿ ಬಿದ್ದ ಮಿಲಿಮೀಟರು ಬದಲಾಗದು.

ಆದರೆ 2023ರಲ್ಲಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು. ಹೆಚ್ಚುಕಡಿಮೆ ಎಲ್ಲರೂ ಪಟ್ಟಿಯಲ್ಲಿದ್ದಾಗ ಪಟ್ಟಿ ಸೇರಿಸುವ ಕೃಪೆಗೆ ಬೆಲೆಯಿಲ್ಲ. ಕೃಪೆ ಅಲ್ಲಿಂದ ಎದ್ದು ಟ್ಯಾಂಕರಿನ ಮೇಲೆ ಕೂರುತ್ತದೆ. ಯಾವ ಕೇರಿಗೆ ದಿನಕ್ಕೆ ಎಷ್ಟು ಲೋಡು, ಯಾರ ಕೊಳವೆಬಾವಿಯನ್ನು ಬಾಡಿಗೆಗೆ ಪಡೆಯಬೇಕು, ಮೇವು ಬ್ಯಾಂಕ್ ಎಲ್ಲಿ ತೆರೆಯಬೇಕು ಎಂಬುದನ್ನೆಲ್ಲ ಯಾವ ಉಪಗ್ರಹವೂ ಹೇಳದು. ಬರದ ವರ್ಷ ತಾಲ್ಲೂಕು ಟಾಸ್ಕ್‌ಫೋರ್ಸ್‌ಗೆ ಶಾಸಕರೇ ಅಧ್ಯಕ್ಷರು. ಅಜ್ಜಂಪುರ ಪ್ರತ್ಯೇಕ ತಾಲ್ಲೂಕಾದರೂ ವಿಧಾನಸಭೆಯ ಮಟ್ಟಿಗೆ ತರೀಕೆರೆ ಕ್ಷೇತ್ರದ್ದೇ, ಹಾಗಾಗಿ ಎರಡು ತಾಲ್ಲೂಕಿಗೂ ಒಬ್ಬರದೇ ಮಾತು. ಇದು ಕೆಟ್ಟದ್ದೇ ಎನ್ನಲಾಗದು. ಯಾವ ಹಟ್ಟಿಯ ಬೋರು ನಿನ್ನೆ ಬತ್ತಿತೆಂಬುದು ಬೆಂಗಳೂರಿನ ಗಣಕಕ್ಕಿಂತ ಮೊದಲು ಶಾಸಕರ ಮೊಬೈಲಿಗೆ ಮುಟ್ಟಿರುತ್ತದೆ. ಊರಿನ ಅಗತ್ಯ ಹೇಳುವವರೇ ಟ್ಯಾಂಕರ್ ಮಾಲೀಕನನ್ನೂ ಹೆಸರಿಸಿ, ಬಿಲ್ಲಿಗೆ ಸಹಿ ಹಾಕುವ ತಹಶೀಲ್ದಾರರನ್ನೂ ಶಿಫಾರಸು ಪತ್ರದಿಂದ ತಂದು ಕೂರಿಸಿದರೆ ಮಾತ್ರ ಪ್ರಶ್ನಿಸುವವರು ಯಾರೂ ಉಳಿಯುವುದಿಲ್ಲ. ಅಧಿಕಾರಿಗೆ ಕನಿಷ್ಠ ಅವಧಿ ಇರಬೇಕೆಂದು ಸುಪ್ರೀಂ ಕೋರ್ಟ್ 2013ರ ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಹೇಳಿದ್ದರ ಹಿಂದೆ ಇದೇ ಕಾಳಜಿಯಿದೆ. ಬರದ ನಡುವೆ ವರ್ಗವಾದ ತಹಶೀಲ್ದಾರರ ಜೊತೆ ಹಳ್ಳಿಗಳ ನೀರಿನ ನೆನಪೂ ವರ್ಗವಾಗುತ್ತದೆ.

ಮೇಲಿನ ಹಂತದಲ್ಲಿ ಕೃಪೆಯ ರೂಪ ಬೇರೆ. 2005ರ ವಿಪತ್ತು ನಿರ್ವಹಣಾ ಕಾಯಿದೆ ಪ್ರಧಾನಿ, ಮುಖ್ಯಮಂತ್ರಿ, ಜಿಲ್ಲಾಧಿಕಾರಿಗಳನ್ನು ಆಯಾ ಪ್ರಾಧಿಕಾರಗಳ ಮುಖ್ಯಸ್ಥರನ್ನಾಗಿಸಿತು. 2014ರಲ್ಲಿ ಕೇಂದ್ರದ ಸರ್ಕಾರ ಬದಲಾದಾಗ ರಾಷ್ಟ್ರೀಯ ಪ್ರಾಧಿಕಾರದ ಉಪಾಧ್ಯಕ್ಷರೂ ಸದಸ್ಯರೂ ರಾಜೀನಾಮೆ ಕೊಟ್ಟು ಹೊರನಡೆದರು. ಅಮೆರಿಕದಲ್ಲಿ 2005ರ ಕತ್ರಿನಾ ಚಂಡಮಾರುತದ ವೇಳೆ ತುರ್ತು ನಿರ್ವಹಣಾ ಸಂಸ್ಥೆ ಫೆಮಾದ ಮುಖ್ಯಸ್ಥರಾಗಿದ್ದ ಮೈಕೆಲ್ ಬ್ರೌನ್ ಮೊದಲು ಅರಬ್ಬೀ ಕುದುರೆಗಳ ಸಂಘವೊಂದರಲ್ಲಿ ಅಧಿಕಾರಿಯಾಗಿದ್ದವರು. ಚಂಡಮಾರುತ ಬಡಿದ ಕೆಲವೇ ದಿನಗಳಲ್ಲಿ ಹುದ್ದೆ ಬಿಟ್ಟರು. ಹಾಗೆಂದು ಅವರಿಗಿಂತ ಮೊದಲು, 1993ರಲ್ಲಿ, ಅಧ್ಯಕ್ಷ ಕ್ಲಿಂಟನ್ ಅದೇ ಹುದ್ದೆಗೆ ನೇಮಿಸಿದ ಜೇಮ್ಸ್ ಲೀ ವಿಟ್ ರಾಜಕೀಯ ನಂಟಿಲ್ಲದವರೇನಲ್ಲ. ಅವರೂ ಅಧ್ಯಕ್ಷರ ತವರು ಅರ್ಕನ್ಸಾದವರೇ, ಆದರೆ ಅಲ್ಲಿನ ತುರ್ತು ಸೇವೆಯನ್ನು ನಡೆಸಿ ಪಳಗಿದ್ದರು. 2006ರ ಅಮೆರಿಕದ ಕಾನೂನು ಅಧ್ಯಕ್ಷರ ನೇಮಕಾಧಿಕಾರವನ್ನು ಕಸಿಯಲಿಲ್ಲ. ನೇಮಕವಾಗುವವರಿಗೆ ತುರ್ತು ನಿರ್ವಹಣೆಯಲ್ಲಿ ಸಾಬೀತಾದ ಸಾಮರ್ಥ್ಯ, ತಿಳಿವಳಿಕೆ ಮತ್ತು ಕನಿಷ್ಠ ಐದು ವರ್ಷದ ಕಾರ್ಯನಿರ್ವಹಣಾ ನಾಯಕತ್ವದ ಅನುಭವ ಇರಬೇಕೆಂದಷ್ಟೇ ವಿಧಿಸಿತು.

ಹಣ ಹಂಚಿಕೆಯಲ್ಲಿ ಕರ್ನಾಟಕ ಇನ್ನೊಂದು ಹೆಜ್ಜೆ ಇಟ್ಟಿದೆ. ಬೆಳೆ ಪರಿಹಾರ ಈಗ ‘ಫ್ರೂಟ್ಸ್’ ತಂತ್ರಾಂಶದಲ್ಲಿ ನೋಂದಾಯಿಸಿದ ರೈತರ ಬ್ಯಾಂಕ್ ಖಾತೆಗೆ ನೇರವಾಗಿ ಸೇರುತ್ತದೆ, ಚೀಟಿ ಹಿಡಿದು ಯಾರ ಮನೆಬಾಗಿಲಿಗೂ ಹೋಗಬೇಕಿಲ್ಲ. ತಂತ್ರಾಂಶ ಕಾಣುವುದು ಪಹಣಿಯನ್ನು. ಬೇರೆಯವರ ಹೊಲವನ್ನು ಬಾಯಿಮಾತಿನ ಮೇಲೆ ಕೋರಿಗೆ ಮಾಡಿದವನ ಬೆಳೆ ಒಣಗಿದರೂ ಪರಿಹಾರ ಹೊಲದೊಡೆಯನ ಖಾತೆಗೆ ಹೋಗುತ್ತದೆ. ಅಂಥವನು ಈಗಲೂ ಊರ ಮುಖಂಡನನ್ನೋ ಶಾಸಕರ ಕಚೇರಿಯನ್ನೋ ಹುಡುಕಿಕೊಂಡು ಹೋಗಬೇಕಾಗಿದೆ.