ಶೇಕಡ 30ರ ಮಿತಿ

ಯುಪಿಐ ಎಂಬ ಹಣಸಂದಾಯದ ಏರ್ಪಾಡು 2016ರಲ್ಲಿ ಆರಂಭವಾದಾಗ ಅದರ ನಿಯಮಗಳಲ್ಲಿ ಮೆಚ್ಚತಕ್ಕ ಗುಣವೊಂದಿದ್ದಿತು. ಹಣ ಕೊಡುವವನು ಯಾವ ಬ್ಯಾಂಕಿನ ಗಿರಾಕಿಯೇ ಆಗಿರಲಿ, ಯಾವ ಕಂಪೆನಿಯ ಆ್ಯಪನ್ನೇ ಬಳಸಲಿ, ಪಡೆಯುವವನ ಬ್ಯಾಂಕು ಬೇರೆಯೆಂಬ ಕಾರಣದಿಂದ ಅವನಿಗೆ ತಡೆಯುಂಟಾಗದು. ಹೀಗೆ ಸರ್ವರಿಗೂ ತೆರೆದ ದಾರಿಯಲ್ಲಿ, 2024ರ ಅಂತ್ಯಕ್ಕೆ, ಒಟ್ಟು ಸಂದಾಯಗಳ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಫೋನ್‌ಪೇ, ಗೂಗಲ್ ಪೇ ಎಂಬ ಎರಡೇ ಆ್ಯಪುಗಳ ಮೂಲಕ ಸಾಗುತ್ತಿದ್ದಿತು. ಮೊದಲನೆಯದರ ಮುಖ್ಯ ಕಚೇರಿ ನಮ್ಮ ಬೆಂಗಳೂರಿನಲ್ಲಿದ್ದರೂ ಬಂಡವಾಳದ ದೊಡ್ಡ ಪಾಲು ಅಮೆರಿಕದ ವಾಲ್‌ಮಾರ್ಟಿನದು. ಎರಡನೆಯದರ ಒಡೆತನ ಎಲ್ಲಿಯದೆಂದು ವಾಚಕರಿಗೆ ಹೇಳಬೇಕಾಗಿಲ್ಲ.

ಈ ಅಪಾಯವನ್ನು ಕಂಡೇ, ಏರ್ಪಾಡನ್ನು ನಡೆಸುವ ನ್ಯಾಷನಲ್ ಪೇಮೆಂಟ್ಸ್ ಕಾರ್ಪೊರೇಷನ್ನಿನವರು 2020ರ ನವೆಂಬರಿನಲ್ಲಿ ಕಟ್ಟಳೆಯೊಂದನ್ನು ಹೊರಡಿಸಿ, ಇಂತಹ ಯಾವ ಆ್ಯಪೂ ಒಟ್ಟು ಸಂದಾಯಗಳ ಶೇಕಡ 30ನ್ನು ಮೀರಕೂಡದೆಂದರು. ಆಗಲೇ ಮೀರಿದ್ದವರಿಗೆ 2022ರ ಕೊನೆಯವರೆಗೆ ಅವಕಾಶ ದೊರೆಯಿತು. ಅದು ತೀರುವ ಮುನ್ನ 2024ರ ಕೊನೆಯವರೆಗೆ. ಆ ವರ್ಷದ ಕಟ್ಟಕಡೆಯ ದಿನ, 2026ರ ಕೊನೆಯವರೆಗೆ. ಬಡ ರೈತನ ಕಂದಾಯಕ್ಕೆ ಇಷ್ಟು ವಾಯಿದೆ ಸಿಕ್ಕಿದ್ದನ್ನು ನಾವು ಕಾಣೆವು.

ಕಟ್ಟಳೆಯ ರಚನೆಯಲ್ಲಿಯೇ ದೋಷವಿದೆ ಎಂಬುದು ನಮ್ಮ ಅಭಿಪ್ರಾಯ. ಮಿತಿ ಮೀರಿದ ಕಂಪೆನಿಯು ಹೊಸ ಗಿರಾಕಿಗಳನ್ನು ಸೇರಿಸಿಕೊಳ್ಳಬಾರದಂತೆ. ಅಂದರೆ ಯಾವ ತಪ್ಪನ್ನೂ ಮಾಡದ ಹೊಸಬನು ಬಾಗಿಲಲ್ಲಿ ನಿಲ್ಲಬೇಕು! ಇತ್ತ, 2020ರ ಜನವರಿ 1ರಿಂದ ಈ ಸಂದಾಯಗಳಿಗಾಗಿ ವರ್ತಕರಿಂದ ಶುಲ್ಕ ಪಡೆಯದಂತೆ ಸರ್ಕಾರದವರು ವಿಧಿಸಿದರು. ಅಂಗಡಿಯವನಿಗೆ ಅದರಿಂದ ಉಪಕಾರವಾದುದು ನಿಜ. ಆದರೆ ಆದಾಯವಿಲ್ಲದೆ ವರ್ಷಗಟ್ಟಲೆ ಖರ್ಚು ತಾಳಬಲ್ಲವರು ಹಿರಿಯ ಹಣವಂತರಲ್ಲದೆ ಮತ್ತಾರು? ಸಣ್ಣ ಸ್ವದೇಶೀ ಕಂಪೆನಿಗೆ ಜೀವನೋಪಾಯವನ್ನು ತಪ್ಪಿಸಿ, ದೊಡ್ಡದಕ್ಕೆ ಕಾಗದದ ಬೇಲಿ ಕಟ್ಟಿದರೆ ಸ್ಪರ್ಧೆ ಹುಟ್ಟುವುದಿಲ್ಲ.

ಇದಲ್ಲದೆ, ಕಟ್ಟಳೆ ಮಾಡುವ ಕಾರ್ಪೊರೇಷನ್ನಿಗೇ ಭೀಮ್ ಎಂಬ ಸ್ವಂತ ಆ್ಯಪಿದೆ. 2024ರಲ್ಲಿ ಅದನ್ನು ಅಂಗಸಂಸ್ಥೆಯೊಂದಕ್ಕೆ ಒಪ್ಪಿಸಲಾಯಿತಾದರೂ ಒಡೆತನ ಬದಲಾಗಲಿಲ್ಲ. ನಾವು ಯಾರ ಪ್ರಾಮಾಣಿಕತೆಯನ್ನೂ ಶಂಕಿಸುವುದಿಲ್ಲ. ಆದರೆ ತೂಕ ಹಾಕುವವನೇ ಸರಕನ್ನೂ ಇಟ್ಟುಕೊಂಡು ಕುಳಿತರೆ, ತಕ್ಕಡಿ ನೆಟ್ಟಗಿದ್ದರೂ ಸಂತೆಯವರು ನಂಬರು.

ಇಂಟರ್ನೆಟ್ಟಿನಲ್ಲಿ ನೋಡುವ ವಿಷಯಕ್ಕೆ ತಕ್ಕಂತೆ ಬೇರೆ ಬೇರೆ ದರ ವಿಧಿಸಬಹುದೇ ಎಂಬ ಪ್ರಶ್ನೆ ಎದ್ದಾಗ, ಟೆಲಿಕಾಂ ನಿಯಂತ್ರಣ ಪ್ರಾಧಿಕಾರದವರು ಬಹಿರಂಗವಾಗಿ ಅಭಿಪ್ರಾಯ ಕೇಳಿ, ಬಂದ ಉತ್ತರಗಳನ್ನು ಪ್ರಕಟಿಸಿ, 2016ರ ಫೆಬ್ರವರಿ 8ರಂದು ಕಾರಣಸಮೇತ ಅದನ್ನು ನಿಷೇಧಿಸಿದರು. ರಿಜರ್ವ್ ಬ್ಯಾಂಕಿನವರು ಇದೇ ಮಾರ್ಗವನ್ನು ಹಿಡಿಯಲಿ. ಮಿತಿ ಎಷ್ಟಿರಬೇಕು, ಶುಲ್ಕ ಯಾರಿಂದ, ಭೀಮ್ ಯಾರ ಕೈಯಲ್ಲಿರಬೇಕು ಎಂಬುದನ್ನು ಸಾರ್ವಜನಿಕರ ಎದುರಿಗೆ ವಿಚಾರಿಸಿ ಒಮ್ಮೆ ನಿಷ್ಕರ್ಷೆ ಮಾಡಲಿ. ಮಿತಿಯೇ ಬೇಡವೆಂದು ತೋರಿದರೆ ಕಟ್ಟಳೆಯನ್ನು ರದ್ದು ಮಾಡಿ, ಕಾರಣವನ್ನು ತಿಳಿಸಲಿ.