ಶಾಕವ್ರತದ ಅಡಗಿಗೆ ಉಳ್ಳಾಗಡ್ಡಿ ಕೇಳೋ ಕೋಚ್

ಅಮೆರಿಕಾದ ಕಾಲೇಜ್ ಫುಟ್ಬಾಲ್‌ಗೂ ಧಾರವಾಡದ ಹೆಣ್ಮಗಳಿಗೂ ಏನ್ ಸಂಬಂಧ ಅಂತ ಕೇಳಬ್ಯಾಡ್ರಿ. ಇಲ್ಲೆ ಬೇ ಏರಿಯಾದಾಗ ಇದ್ದ ಮ್ಯಾಲೆ ಶನಿವಾರಕ್ಕೊಮ್ಮೆ ಸ್ಟ್ಯಾನ್‌ಫರ್ಡ್ ಸೋತದ್ದು ನಮ್ಮ ಅಡಗಿಮನಿ ತನಕಾ ಕೇಳಸ್ತದ. ಇದು ನಮ್ಮೂರ ಕಾಲಚೆಂಡಾಟ ಅಲ್ಲಾ. ತಲಿಗೆ ಹೆಲ್ಮೆಟ್ ಹಾಕ್ಕೊಂಡು, ತತ್ತಿ ಆಕಾರದ ಚೆಂಡು ಬಗಲಾಗ ಹಿಡಕೊಂಡು ಓಡೋದು, ಓಡೋವನ್ನ ಕೆಡವೋದು.

ಸೋತಾಗೊಮ್ಮೆ ಮಂದಿ ಒಂದ ಮಾತು ಆಡ್ತಾರ: "ಅಲ್ಲೆ ಅಡ್ಮಿಶನ್ ಭಾಳ ಬಿಗಿ. ಓದೋ ಹುಡುಗುರನ್ನ ಕಟ್ಟಿಕೊಂಡು ಯಾವ ಕೋಚ್ ಗೆಲ್ತಾನ? ಗೇಟು ಸಡಿಲ ಮಾಡ್ರಿ, ದೊಡ್ಡ ಕೋಚ್ ತಾನ ಬರ್ತಾನ." ಈ ಮಾತು ಕೇಳಿದರ ನನಗ ಮೈ ಉರೀತದ.

ನಮ್ಮ ಕಡೆ ಚಾತುರ್ಮಾಸದಾಗ ಶಾಕವ್ರತ ಬಂದರ ತಿಂಗಳಪೂರ್ತಿ ಕಾಯಿಪಲ್ಯ ಇಲ್ಲಾ. ಉಳ್ಳಾಗಡ್ಡಿ, ಬಳ್ಳೊಳ್ಳಿ ಅಂತೂ ಹೆಸರೆತ್ತೋ ಹಂಗಿಲ್ಲಾ. ಹೆಸರಬ್ಯಾಳಿ, ಮೆಣಸು, ಜೀರಗಿ, ಒಣ ಮಾವಿನಕಾಯಿ ಇಷ್ಟರಾಗ ಕೈ ನೆಕ್ಕೋ ಹಂಗ ಅಡಗಿ ಮಾಡೋರು ಇದ್ದಾರ. ಅಂಥಾ ಮನಿಗೆ ಬಂದು "ಉಳ್ಳಾಗಡ್ಡಿ ಇಲ್ಲದ ನನಗ ರುಚಿ ಬರಂಗಿಲ್ರಿ" ಅನ್ನೋವರು ಕೆಟ್ಟ ಅಡಗಿಯವರು ಅಂತ ನಾ ಅನ್ನಂಗಿಲ್ಲಾ. ಅವರು ಈ ಮನಿಗೆ ಅಲ್ಲಾ, ಅಷ್ಟ. ಅವರನ್ನ ಕರಕೊಂಡು ಬಂದು ಆಮ್ಯಾಲೆ ವ್ರತಾನ ಬಿಡೋದು ಯಾ ಊರ ಶಾಣೇತನ?

ಈಗ ಲೆಕ್ಕ ನೋಡ್ರಿ. 2006ರಾಗ ಸ್ಟ್ಯಾನ್‌ಫರ್ಡ್ 12 ಆಟದಾಗ 1 ಗೆದ್ದಿತ್ತು. ಮುಂದಿನ ವರ್ಷ ಜಿಮ್ ಹಾರ್ಬಾ ಬಂದ್ರು. ಅವರೇನು ಭಾರೀ ಹೆಸರಿನ ಕೋಚ್ ಅಲ್ಲಾ, ಯುನಿವರ್ಸಿಟಿ ಆಫ್ ಸ್ಯಾನ್ ಡಿಯಾಗೊ ಅನ್ನೋ ಸಣ್ಣ ಕಾಲೇಜಿನಿಂದ ಬಂದವರು. 2010ಕ್ಕ 13 ಆಟದಾಗ 12 ಗೆದ್ರು. ಅವರಾದ ಮ್ಯಾಲೆ ಡೇವಿಡ್ ಶಾ, ಅದ ಕಾಲೇಜಿನ ಹಳೇ ವಿದ್ಯಾರ್ಥಿ. 12 ವರ್ಷದಾಗ 96 ಆಟ ಗೆದ್ದು, 2 ರೋಸ್ ಬೌಲ್ ಮನಿಗೆ ತಂದ್ರು. ಅವಾಗೇನು ಗೇಟು ತೆರೆದಿಟ್ಟಿದ್ರೇನು? ಅದ ಗೇಟು, ಅದ ಚಿಲಕ. ಆ ತಂಡದಾಗ ಆಡಿದ ಆಂಡ್ರೂ ಲಕ್ ಆರ್ಕಿಟೆಕ್ಚರಲ್ ಡಿಸೈನ್ ಡಿಗ್ರಿ ಮಾಡಿಕೊಂಡು 2012ರಾಗ ಎನ್‌ಎಫ್‌ಎಲ್‌ಗೆ ಮೊದಲನೇ ಆಯ್ಕೆಯಾಗಿ ಹೋದ. ಓದೋರು ಆಡಂಗಿಲ್ಲ ಅನ್ನೋರು ಇದಕ್ಕೇನಂತಾರ?

ಮುಂದ 2021ರಿಂದ 2024ರ ತನಕಾ ನಾಲ್ಕೂ ವರ್ಷ 3 ಗೆಲುವು, 9 ಸೋಲು. ಮೊದಲಿನ ಎರಡು ವರ್ಷ ಅದ ಶಾ ಅವರೇ ಕೋಚ್. ಕೋಚೂ ಅವರ, ಗೇಟೂ ಅದ, ಹಂಗಿದ್ರೂ ಸೋತ್ರು. ಅಂದಮ್ಯಾಲೆ ಬದಲಾದದ್ದು ಬ್ಯಾರೆ ಏನೋ ಅದ. 2018ರಾಗ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರಾಗ ಆಟಗಾರರು ತಮ್ಮ ಹೆಸರಿನ ಮ್ಯಾಲೆ ರೊಕ್ಕಾ ಗಳಸಬಹುದು ಅಂತಾತು, ಕಾಲೇಜು ಬದಲಿ ಮಾಡಿದರ ಒಂದ ವರ್ಷ ಕಾಯೋ ನಿಯಮಾನೂ ಹೋತು. ಈಗ ಚಳಿಗಾಲ ಬಂತಂದರ ಬ್ಯಾರೆ ಕಾಲೇಜಿನವರು ಸಂತ್ಯಾಗ ಕಾಯಿಪಲ್ಯ ಆರಿಸಿದಂಗ ಇಪ್ಪತ್ತು ಹುಡುಗುರನ್ನ ಆರಿಸಿಕೊಂಡು ಬರ್ತಾರ. ಸ್ಟ್ಯಾನ್‌ಫರ್ಡ್‌ನಾಗ ಹೊರಗಿಂದ ಬರೋ ಹುಡುಗನೂ ಅಡ್ಮಿಶನ್ ಆಫೀಸ್ ದಾಟಿನ ಬರಬೇಕು.

"ಹಂಗಾದರ ಗೇಟ ತೊಂದರಿ ಆತಲ್ಲಾ" ಅಂತೀರಿ. ತೊಂದರಿ ಹೌದು, ನಾ ಇಲ್ಲ ಅನ್ನಂಗಿಲ್ಲಾ. ಆದರ ಅದರಿಂದ ತಿಳಕೋಬೇಕಾದದ್ದು ಏನಂದರ, ವರ್ಷಾ ವರ್ಷಾ ಹುಡುಗುರನ್ನ ಬದಲಿ ಮಾಡಿ ಗೆಲ್ಲೋ ಕೋಚ್ ಇಲ್ಲೆ ಉಪಯೋಗ ಇಲ್ಲಾ. ಬಂದ ಹುಡುಗುರನ್ನ ನಾಲ್ಕು ವರ್ಷ ಹಿಡದಿಟ್ಟು, ಮಾಸ್ತರಾಗಿ ಕಲಸೋವನು ಬೇಕು. "ನೀ ಇಲ್ಲಿಂದ ಹೋದರ ಆ ಡಿಗ್ರಿನೂ ಬಿಟ್ಟು ಹೋಗ್ತಿ" ಅಂತ ಹುಡುಗನ ಅವ್ವ-ಅಪ್ಪಗ ತಿಳಿಸಿ ಹೇಳೋವನು ಬೇಕು. ಗೇಟನ್ನ ಶಾಪ ಅಂತ ತಿಳಕೊಂಡವನು ಇದನ್ನ ಹೆಂಗ ಹೇಳ್ತಾನ?

ವ್ಯಾಂಡರ್‌ಬಿಲ್ಟ್ ನೋಡ್ರಿ. ಅದೂ ಓದಿನಾಗ ಭಾಳ ಗಟ್ಟಿ, ಆಡೋದು ಅಲಬಾಮಾ, ಜಾರ್ಜಿಯಾದಂಥಾ ಪೈಲ್ವಾನರ ಜೋಡಿ. ಅಲ್ಲಿಯ ಕೋಚ್ ಕ್ಲಾರ್ಕ್ ಲೀ ಅಲ್ಲೇ ಓದಿ ಆಡಿದವರು. 2021ರಾಗ 2 ಗೆದ್ದು 10 ಸೋತ್ರು. 2023ರಾಗ ಮತ್ತ ಅಷ್ಟ. ಬ್ಯಾರೆ ಕಡೆ ಆಗಿದ್ರ ಗಂಟು ಮೂಟಿ ಕಟ್ಟಸ್ತಿದ್ರು, ಇವರು ಕಟ್ಟಸಲಿಲ್ಲಾ. 2024ರ ಅಕ್ಟೋಬರ್‌ನಾಗ ನಂಬರ್ ಒನ್ ಅಲಬಾಮಾನ 40-35ಕ್ಕ ಸೋಲಿಸಿದ್ರು, 1984ರ ನಂತರ ಮೊದಲನೇ ಸಲ. 2025ರಾಗ ಕಾಲೇಜಿನ ಚರಿತ್ರೆಯೊಳಗ ಮೊದಲ ಸಲ 10 ಆಟ ಗೆದ್ರು. ಕ್ವಾರ್ಟರ್‌ಬ್ಯಾಕ್ ಡಿಯೇಗೊ ಪಾವಿಯಾ ಹೊರಗಿಂದ ಬಂದವನು, ಖರೆ. ಆದರ ಎಂಥಾ ಮನಿಗೆ ಎಂಥಾವರು ಹೊಂದತಾರ ಅನ್ನೋದು ಗೊತ್ತಿದ್ದ ಕೋಚ್ ಅವನನ್ನ ಆರಿಸಿದ್ರು ಅನ್ನೋದೂ ಅಷ್ಟ ಖರೆ.

ಇನ್ನೊಂದು ಕಡೆ "ಆಟಾನ ಮುಚ್ಚಿಬಿಡ್ರಿ" ಅನ್ನೋರು. ಶಿಕಾಗೋ ಯುನಿವರ್ಸಿಟಿ 1939ರಾಗ ಹಂಗ ಮಾಡ್ತು. 1935ರಾಗ ಮೊದಲನೇ ಹೈಸ್‌ಮನ್ ಟ್ರೋಫಿ ಗೆದ್ದ ಹುಡುಗ ಅವರವನ. ನಾಲ್ಕ ವರ್ಷಕ್ಕ ಅಧ್ಯಕ್ಷ ಹಚಿನ್ಸ್ ಫುಟ್ಬಾಲ್ ನಿಲ್ಲಿಸಿದ್ರು. ಅದ ಮೈದಾನದ ಗ್ಯಾಲರಿ ಕೆಳಗ 1942ರಾಗ ಜಗತ್ತಿನ ಮೊದಲನೇ ಅಣು ಸರಣಿಕ್ರಿಯೆ ನಡೀತು. ಓದಿಗೇನೂ ಕಡಿಮಿ ಆಗಲಿಲ್ಲಾ. ಆದರ 1969ರಾಗ ಸಣ್ಣ ಪ್ರಮಾಣದಾಗ ಆಟ ವಾಪಸ್ ತಂದ್ರು. ನಾ ಹಚಿನ್ಸ್ ಅವರನ್ನ ಬೈಯಂಗಿಲ್ಲಾ. ಮುಚ್ಚೋದು, ಅರ್ಧಾ ಮರ್ಧಾ ನಡಸೋದಕ್ಕಿಂತ ಪ್ರಾಮಾಣಿಕ. ನಡಸ್ತೀವಿ ಅಂದಮ್ಯಾಲೆ ಮಾತ್ರ ಮರ್ಯಾದಿಯಿಂದ ನಡಸಬೇಕು.

ಅದಕ್ಕ ಕೋಚ್ ಹುಡುಕೋ ದೊಡ್ಡವರಿಗೆ ನನ್ನ ಮಾತು ಇಷ್ಟ. ಸಹಿ ಹಾಕೋಕಿಂತ ಮೊದಲ ಅಡ್ಮಿಶನ್ ಆಫೀಸಿನವರನ್ನ ಕೋಚ್ ಮುಂದ ಕೂಡಸ್ರಿ, ಏನಾಗ್ತದ ಏನಾಗಂಗಿಲ್ಲ ಅನ್ನೋದು ಕಾಗದದ ಮ್ಯಾಲೆ ಬರಲಿ. ಹುಡುಗರ ಅರ್ಜಿಗೆ ಹೌದೋ ಅಲ್ಲೋ ಲಗೂ ಹೇಳ್ರಿ. ಬಿಗಿ ಇರೋದು ಬ್ಯಾರೆ, ಸತಾಯಿಸೋದು ಬ್ಯಾರೆ. ಕೋಚ್‌ನ ಬೋನಸ್ಸಿನಾಗ ಡಿಗ್ರಿ ಮುಗಿಸಿದವರ ಲೆಕ್ಕಾನೂ ಇರಲಿ. ಮತ್ತ ಐದು ವರ್ಷ ತಡಕೊಳ್ಳೋ ತಾಕತ್ತು ಇಟಗೋರಿ. ಟೆಕ್ಸಾಸ್ ಎ ಆ್ಯಂಡ್ ಎಂ 2023ರಾಗ ಜಿಂಬೋ ಫಿಶರ್ ಅವರನ್ನ ತೆಗಿಯಾಕ 7.5 ಕೋಟಿ ಡಾಲರ್‌ಗಿಂತ ಹೆಚ್ಚು ಕೊಡೋ ಪ್ರಸಂಗ ತಂದುಕೊಂಡ್ರು. ಅವಸರದ ಬೆಲಿ ಅದು.

2025ರ ಕಡೀಕ ಸ್ಟ್ಯಾನ್‌ಫರ್ಡ್ ತವಿಟಾ ಪ್ರಿಚರ್ಡ್ ಅವರನ್ನ ಆರಿಸ್ತು. 2007ರಾಗ ಯಾರೂ ನಂಬದ ಹೊತ್ತಿನಾಗ ಯುಎಸ್‌ಸಿಯನ್ನ 24-23ಕ್ಕ ಸೋಲಿಸಿದ ಕ್ವಾರ್ಟರ್‌ಬ್ಯಾಕ್ ಅವರು, ಅಲ್ಲೇ ವರ್ಷಗಟ್ಟಲೆ ಕಲಿಸಿದವರು. ಮನಿ ಪದ್ಧತಿ ಗೊತ್ತಿದ್ದವರು ಬಂದಾರ. ಇನ್ನ ಒಂದು ವರ್ಷ ಸೋತ ಕೂಡಲೇ "ಗೇಟು ತಗೀರಿ" ಅಂತ ಒದರೋರು ಸ್ವಲ್ಪ ಬಾಯಿ ಮುಚಗೊಂಡು ಕೂಡಬೇಕು. ಆ ಗೇಟು ಇಲ್ಲದ ಗೆದ್ದರ ಗೆದ್ದದ್ದು ಬ್ಯಾರೆ ಯಾವದೋ ಕಾಲೇಜು, ಸ್ಟ್ಯಾನ್‌ಫರ್ಡ್ ಅಲ್ಲಾ.